ಮುಖ ನೋಡದ ಬೊಂಬೆ

ಆಷಾಢದ ಗಾಳಿ ಮೊಳಕಾಲ್ಮೂರಿನ ಓಣಿಗಳಲ್ಲಿ ಅಡ್ಡಾಡುವ ದಿನಗಳು. ಮಗ್ಗದ ಸದ್ದು ಗಾಳಿಯ ಜೊತೆ ಬಂದು, ಶಾಲೆಯ ಕೊನೆಯ ಕೋಣೆಯಲ್ಲಿ ಸ್ವಲ್ಪ ಹೊತ್ತು ನಿಂತು, ಮತ್ತೆ ಎತ್ತಲೋ ಹೊರಟುಹೋಗುತ್ತಿತ್ತು. ಆ ಕೋಣೆಯಲ್ಲಿ ದ್ರಾಕ್ಷಾಯಣಮ್ಮ ಟೀಚರ್ ಆಟಿಸಂ ಇರುವ ನಾಲ್ಕು ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಮೂವರು ಹೇಗೋ ಹೊಂದಿಕೊಂಡಿದ್ದರು. ಏಳು ವರ್ಷದ ಸ್ವಪ್ನ ಮಾತ್ರ ಎರಡು ವರ್ಷದಲ್ಲಿ ಒಮ್ಮೆಯೂ ತಾನಾಗಿ ಅವರ ಹತ್ತಿರ ಬಂದಿರಲಿಲ್ಲ. ಬೀರುವಿನ ಮರೆಯೇ ಅವಳ ಮನೆ. ಬರುವ ಮಾರ್ಚಿಗೆ ಟೀಚರಿಗೆ ನಿವೃತ್ತಿ. ಅಷ್ಟರೊಳಗೆ ಆ ಮಗು ಒಂದು ಸಲ ತನ್ನ ಪಕ್ಕ ಬಂದು ಕೂತರೆ ಸಾಕು ಎಂದು ಅವರಿಗೆ ಆಸೆ. ಯಾರಿಗೂ ಹೇಳಿಕೊಂಡಿರಲಿಲ್ಲ.

ಚಳ್ಳಕೆರೆ ಕಡೆಯಿಂದ ಮಹಾಂತೇಶ್ ಎಂಬ ಎಂಜಿನಿಯರು ಒಂದು ರೋಬೋ ತಂದ. ಮೊಣಕಾಲೆತ್ತರದ ಬಿಳಿ ಬೊಂಬೆ.

"ಹಣೇಲಿ ಕ್ಯಾಮೆರಾ ಐತೆ ಮೇಡಂ. ಮಗು ಎಲ್ಲಿದ್ರೂ ಮುಖ ಹುಡುಕಿ, ಕಣ್ಣಲ್ಲಿ ಕಣ್ಣಿಟ್ಟು ಮಾತಾಡುತ್ತೆ. ಒಂದು ತಿಂಗಳು ಇಟ್ಕೊಳ್ಳಿ. ಆಮೇಲೆ ನಿಮ್ಮ ಅಭಿಪ್ರಾಯ ಬರ್ಕೊಡಿ."

"ನನ್ನ ಕೆಲಸಕ್ಕೇ ಬಂದೈತೇನಪ್ಪ ಇದು?"

"ನಿಮ್ಮಷ್ಟು ತಾಳ್ಮೆ ಇದಕ್ಕೆಲ್ಲಿ ಬರಬೇಕು ಮೇಡಂ? ಸಂಜೆ ಆದ್ರೆ ಚಾರ್ಜೇ ಇರಲ್ಲ."

ಮೊದಲ ವಾರ ಬೊಂಬೆ ಕತ್ತು ತಿರುಗಿಸಿದಷ್ಟೂ ಸ್ವಪ್ನ ಬೀರುವಿನ ಹಿಂದಕ್ಕೆ ಸರಿದಳು.

ಸೋಮವಾರ ಬೆಳಿಗ್ಗೆ, ಬಿಸಿಯೂಟ ಮಾಡುವ ಯರ್ರಮ್ಮ ಕೋಣೆಗೆ ಬಂದವಳೇ ಮೂಗು ಮುರಿದಳು. "ಹೊಸ ಮಿಷನ್ನು. ಬರೀ ಹಣೇಲಿ ಕೂರಿಸ್ತಾರೇನ್ರಿ ಟೀಚರಮ್ಮ?" ವಿಭೂತಿ ಕಲಸಿ ಮೂರು ಬೆರಳಲ್ಲಿ ಅಡ್ಡಕ್ಕೆ ಎಳೆದಳು, ತಲೆಗೊಂದು ಕಣಗಲೆ ಹೂವಿಟ್ಟಳು. ಟೀಚರು ನಕ್ಕರು. ಅವರ ಮನೆಯಲ್ಲಿ ಮಿಕ್ಸಿಗೂ ವಿಭೂತಿ ಉಂಟು. ಕ್ಯಾಮೆರಾ ಇರುವುದು ಅಲ್ಲೇ ಎಂದು ಇಬ್ಬರಿಗೂ ಹೊಳೆಯಲಿಲ್ಲ. ಯರ್ರಮ್ಮ ದಿನಾ ಬೆಳಿಗ್ಗೆ ತಪ್ಪದೆ ಹಚ್ಚಿದಳು.

ಅಂದಿನಿಂದ ಬೊಂಬೆ ಕತ್ತು ತಿರುಗಿಸುವುದನ್ನು ಬಿಟ್ಟಿತು. ಎಲ್ಲೋ ದೂರದ ಬೆಟ್ಟ ಕಂಡವರ ಹಾಗೆ ಗೋಡೆ ನೋಡುತ್ತಾ, "ಬಾ, ಕೂತ್ಕೋ" ಎನ್ನುತ್ತಿತ್ತು. ಮೂರನೆಯ ದಿನ ಸ್ವಪ್ನ ಹೊರಗೆ ಬಂದಳು. ಐದನೆಯ ದಿನ ಅದರ ಪಕ್ಕ ಕೂತಳು. ಆಮೇಲೆ ಒಂದು ಮಧ್ಯಾಹ್ನ, ಬಿಸಿಲು ನೆಲದ ಮೇಲೆ ಹಾಲು ಚೆಲ್ಲಿದಂತೆ ಬಿದ್ದಿದ್ದಾಗ, ಬೊಂಬೆಯ ಹೆಗಲಿಗೆ ತಲೆಯಿಟ್ಟು ತನಗೆ ತಾನೇ ತೆಲುಗಿನಲ್ಲಿ ಏನೋ ಗುನುಗಿಕೊಂಡಳು. ಟೀಚರಿಗೆ ಸಂತೋಷದಿಂದ ಕಣ್ಣು ತುಂಬಿತು. ಒಳಗೆಲ್ಲೋ ಸಣ್ಣಗೆ ನೋವೂ ಆಯಿತು. 'ಯಂತ್ರಕ್ಕೆ ಮಗು ಒಲಿದಿದೆ' ಎಂದು ಬರೆದಿಟ್ಟರು.

ತಿಂಗಳು ತುಂಬಿದ ದಿನ ಮಹಾಂತೇಶ್ ಬಂದು ಲ್ಯಾಪ್‌ಟಾಪ್ ತೆರೆದು ಹುಬ್ಬೇರಿಸಿದ. "ಮೊದಲ ವಾರ ಬಿಟ್ರೆ ಒಂದು ಮುಖವೂ ದಾಖಲಾಗಿಲ್ವಲ್ಲ ಮೇಡಂ." ಬೊಂಬೆಯ ಹಣೆ ನೋಡಿ ಅವನಿಗೆ ಅರ್ಥವಾಯಿತು. "ವಿಭೂತಿ ಇದ್ರ ಕಣ್ಣು ಮುಚ್ಚಿಬಿಟ್ಟೈತೆ."

"ವಿಭೂತಿ ಹಚ್ಚಿದ್ರೆ ಕಣ್ಣು ಹೋಗ್ತಾವೇನಪ್ಪ?" ಬಾಗಿಲಲ್ಲಿ ನಿಂತಿದ್ದ ಯರ್ರಮ್ಮ ಕೇಳಿದಳು. "ನಾನು ದಿನಾ ಹಚ್ಕೊಳ್ಳಲ್ವಾ?"

"ನಿಮಗೆ ಹಣೇಲಿ ಕಣ್ಣಿಲ್ವಲ್ಲ ಅಜ್ಜಿ."

"ಶಿವಂಗೈತಲ್ಲ. ಅವ್ನು ಹಚ್ಕೊಳ್ಳಲ್ವಾ?"

ಮಹಾಂತೇಶ್ ಕರವಸ್ತ್ರ ಒದ್ದೆ ಮಾಡಿ ಬೊಂಬೆಯ ಹಣೆ ಒರೆಸಿದ. ಒರೆಸುವಾಗ ಬಿದ್ದ ಹೂವನ್ನು, ಯರ್ರಮ್ಮನ ಸಪ್ಪೆ ಮುಖ ನೋಡಿ, ಎತ್ತಿ ಮತ್ತೆ ಅದರ ತಲೆಗಿಟ್ಟ.

ಬೊಂಬೆ ಕತ್ತು ಹೊರಳಿಸಿ ಸ್ವಪ್ನಳ ಮುಖ ಹುಡುಕಿ ನೋಡಿತು. ಮಗು ಎದ್ದು, ಸದ್ದಿಲ್ಲದೆ ಬೀರುವಿನ ಹಿಂದೆ ಹೋಯಿತು.

ದ್ರಾಕ್ಷಾಯಣಮ್ಮ ತಮ್ಮ ಕೈ ನೋಡಿಕೊಂಡರು. ಎರಡು ವರ್ಷ, ದಿನಾ, ಪ್ರೀತಿಯಿಂದಲೇ, ಬೀರುವಿನ ಮರೆಗೇ ಹೋಗಿ ಆ ಪುಟ್ಟ ಗಲ್ಲ ಹಿಡಿದೆತ್ತಿ "ಟೀಚರ್ ಮುಖ ನೋಡು ಕಂದ" ಎಂದವರು ಅವರು. ಮುಖ ನೋಡಿ ಮಾತಾಡುವುದೇ ಮರ್ಯಾದೆ ಎಂದು ಕಲಿತು, ಕಲಿಸಿದವರು.

"ಇನ್ನೊಂದು ತಿಂಗಳು ಬಿಟ್ಟು ಹೋಗ್ಲಾ ಮೇಡಂ?"

"ಬೇಡಪ್ಪ. ತಗೊಂಡು ಹೋಗು."

"ಅಭಿಪ್ರಾಯ ಏನಂತ ಬರೀಲಿ?"

"ಅದಕ್ಕೆ ಕಣ್ಣು ಕಾಣದಿದ್ದಾಗ ಚೆನ್ನಾಗಿ ಪಾಠ ಹೇಳ್ತು ಅಂತ ಬರಿ. ನಗಬೇಡ, ಹಂಗೇ ಬರಿ. ಮುಂದಿನ ಬೊಂಬೆಗೆ ನೋಡದೆ ಕೂರೋದನ್ನೂ ಕಲಿಸ್ರಿ."

ಜೀಪು ಹೋಯಿತು. ಉಳಿದ ಮಕ್ಕಳು ಊಟಕ್ಕೆ ಹೋದರು. ಟೀಚರು ನೆಲದ ಮೇಲೆ ಬೀರುವಿಗೆ ಬೆನ್ನು ಮಾಡಿ, ಬಾಗಿಲ ಕಡೆ ತಿರುಗಿ ಕೂತು, ಸೆರಗಿನಲ್ಲಿ ಹಸಿ ಕಡಲೆಕಾಯಿ ಹಾಕಿಕೊಂಡು ಸುಲಿಯತೊಡಗಿದರು. ಕರೆಯಲಿಲ್ಲ. ಬೀಜಗಳನ್ನು ಪಕ್ಕದಲ್ಲಿ ಒಂದು ಕಾಗದದ ಮೇಲೆ ಇಡುತ್ತಾ ಹೋದರು. ಅಂದು ಯಾರೂ ಬರಲಿಲ್ಲ. ಮರುದಿನವೂ ಇಲ್ಲ. ಯರ್ರಮ್ಮ ಮಾತ್ರ ಊಟದ ತಟ್ಟೆ ಮುಚ್ಚಿಟ್ಟು, ಏನೂ ಕೇಳದೆ, ಬಾಗಿಲು ಅರ್ಧ ಎಳೆದುಕೊಂಡು ಹೋಗುತ್ತಿದ್ದಳು.

ಒಂಬತ್ತನೆಯ ಮಧ್ಯಾಹ್ನ ಗಾಳಿ ನಿಂತಿತ್ತು. ಕಾಗದ ಸಣ್ಣಗೆ ಸರಿದ ಸದ್ದು. ಆಮೇಲೆ ಬೀಜ ಅಗಿಯುವ ಸದ್ದು. ಮೊಣಕೈಗೆ ಒಂದು ಲಂಗದ ಅಂಚು ತಾಗಿತು, ಅಲ್ಲೇ ಉಳಿಯಿತು.

ತಿರುಗಿ ನೋಡಬೇಕೆಂದು ಜೀವ ಎಷ್ಟು ಎಳೆಯಿತೋ. ಅವರು ಇನ್ನೊಂದು ಕಡಲೆಕಾಯಿ ಎತ್ತಿಕೊಂಡು ಸಿಪ್ಪೆ ಒಡೆದರು.