ಹಮ್ಮಿಗಿ ಚಾವಡಿಯಲ್ಲಿ ಒಡಪು

೧.
ಎಲ್ಲಿಂದ ಶುರು ಮಾಡಲಿ? "ಸುಮಿತ್ರಾ ವಕೀಲರು ಕರಿ ಕೋಟು ತೊಟ್ಟು ಗದಗ ಕೋರ್ಟಿನ ಮೆಟ್ಟಿಲೇರಿದ ದಿನ ಬೆಟಗೇರಿಯ ಮಗ್ಗಗಳೆಲ್ಲ ಬೆರಗಾಗಿ ನಿಂತುಬಿಟ್ಟವು." ಇಂಥ ವಾಕ್ಯ ಬರೆಯಬಲ್ಲವನು ಭೂಮಂಡಲದಲ್ಲಿ ನಾನೊಬ್ಬನೇ. ಕಥೆಯ ನಾಯಕಿ ಸುಮಿತ್ರವ್ವ ಓದಿ ಅದನ್ನು ಹೊಡೆದುಹಾಕಿದರು.

"ಏನ್ ಸುಳ್ಳ ಬರೀತೀಯೋ ತಮ್ಮಾ? ಆವತ್ತ ಜವಾನ ನನ್ನ ಯಾರದೋ ಕಕ್ಷಿದಾರಳಂತ ತಿಳದು ಹೊರಗ ಕುಂದರಿಸಿದ್ದ. ಅದನ್ನ ಬರಿ."

(ಬರೆಯುವುದಿಲ್ಲ. ಮಗ್ಗ ನಿಂತದ್ದು ಖರೆ.)

೨.
ಹೋಗಲಿ, ೧೯೫೭ಕ್ಕೆ ಹಾರೋಣ. ಏಕೀಕರಣದ ಹೋಳಿಗೆ ಇನ್ನೂ ಅರಗಿಲ್ಲ, ಚುನಾವಣೆ ಬಂದಿದೆ. ಸುಮಿತ್ರವ್ವ ವಿಧಾನಸಭೆಗೆ ನಿಂತಿದ್ದಾರೆ. ಗಂಡಸರ ಓಟೆಲ್ಲ ಎದುರಾಳಿಗೆ. ಹೆಂಗಸರ ಓಟು ಬಿದ್ದರೆ ಮಾತ್ರ ಇವರು ಗೆದ್ದಾರು. ಮತಗಟ್ಟೆಯಾದ ಹಮ್ಮಿಗಿ ಚಾವಡಿಯ ಮುಂದೆ ಹೆಂಗಸರ ಸಾಲು ತುಂಗಭದ್ರೆ ದಾಟಿ ಬಳ್ಳಾರಿ ಮುಟ್ಟಿತ್ತು. (ಸರಿ, ಹೊಳೆದಂಡೆ ಮುಟ್ಟಿತ್ತು.)

ಆದರೆ ಹೋದವರೆಲ್ಲ ಓಟು ಹಾಕದೆ ಮರಳುತ್ತಿದ್ದಾರೆ! ಮೈಸೂರು ಕಡೆಯಿಂದ ಬಂದ ಮತಗಟ್ಟೆ ಅಧಿಕಾರಿ ಗುರುತಿಗಾಗಿ ಗಂಡನ ಹೆಸರು ಕೇಳುತ್ತಿದ್ದರು.

"ಹೇಳದಿದ್ರೆ ಓಟಿಲ್ಲಮ್ಮ. ನೀವು ಯಾರು ಅಂತ ಹೇಗೆ ನಂಬಲಿ?"

"ಹೆಸರ ಹಿಡದರ ಅವರ ಆಯುಷ್ಯ ಕಡಿಮಿ ಆಗತೈತ್ರಿ ಸಾಹೇಬ್ರ," ಎಂದಳು ಸಾಲಿನ ಮುಂದಿದ್ದ ಕರಿಯವ್ವ.

೩.
ಇಲ್ಲಿ ಸುಮಿತ್ರವ್ವನ ಬಾಯಿಗೆ ಸಂವಿಧಾನದ ಮೇಲೆ ಪುಟಗಟ್ಟಲೆ ಭಾಷಣ ತುರುಕಿದ್ದೆ. ಓದಿ ಆಕಳಿಸಿದರು. ಹರಿದೆ. ಅವರು ಕೇಳಿದ್ದು ಇಷ್ಟೇ:

"ಸಾಹೇಬ್ರ, ಹೆಸರ ಒಡಪಿನ್ಯಾಗ ಹೇಳಬಾರದಂತ ಯಾವ ಕಾಯ್ದೇದಾಗ ಐತಿ? ತೋರಸ್ರಿ."

ಸಾಹೇಬರು ಪುಸ್ತಕ ತಿರುವಿದರು. ಇರಲಿಲ್ಲ. "ಒಡಪು ಅಂದ್ರೇನಮ್ಮ?"

"ಮದವ್ಯಾಗ ಬಾಗಲಾ ಅಡ್ಡಗಟ್ಟಿದಾಗ ಹಾಡಿನ್ಯಾಗ ಗಂಡನ ಹೆಸರ ಹೇಳತೀವಲ್ರಿ, ಅದು. ಹಂಗ ಹೇಳಿದರ ದೋಷ ಇಲ್ಲ. ಹೂಂ, ಕರಿಯವ್ವಾ!"

ಕರಿಯವ್ವ ಸೆರಗು ಬಾಯಿಗಿಟ್ಟು ನಕ್ಕು, ಗಂಟಲು ಸರಿಮಾಡಿಕೊಂಡಳು:

"ಹೊಳಿದಂಡಿ ಹೊಲದಿಂದ ಹಸಿಗಡ್ಲಿ ತಂದೀನಿ,
ಉಡಚಪ್ಪಗ ಉಣ್ಣಾಕ ನೀಡಿ ಓಟಿಗಿ ಬಂದೀನಿ!"

ಗಂಡಸರ ಸಾಲಿನಿಂದ ಉಡಚಪ್ಪ ಕೂಗಿದ: "ಇನ್ನೊಮ್ಮೆ ಹೇಳಲೇ! ಲಗ್ನ ಆದಮ್ಯಾಲ ನಿನ್ನ ಬಾಯಾಗ ನನ್ನ ಹೆಸರ ಈಗ ಕೇಳಾಕತ್ತೀನಿ!"

ಸಾಹೇಬರು ಪಟ್ಟಿಯಲ್ಲಿ ಗುರುತು ಹಾಕಿ ಓಟಿನ ಚೀಟಿ ಕೊಟ್ಟರು. ಮರಳಿ ಹೋಗಿದ್ದವರೆಲ್ಲ ಸೀರೆ ಎತ್ತಿ ಹಿಡಿದು ಓಡಿ ಬಂದರು.

೪.
ಮುಕ್ತಾಯ ಒಂದು: ಸುಮಿತ್ರವ್ವ ಲಕ್ಷ ಓಟಿನಿಂದ ಗೆದ್ದರು. (ತಾಲೂಕಿನಲ್ಲಿ ಅಷ್ಟು ಜನವೇ ಇಲ್ಲ.) ಮುಕ್ತಾಯ ಎರಡು: ಒಂದೇ ಓಟಿನಿಂದ ಸೋತು, ಮರುದಿನ ಕೋರ್ಟಿಗೆ ಹೋಗಿ ಎದುರಾಳಿಯನ್ನೇ...

"ಬಾಯಿ ಮುಚ್ಚೋ ತಮ್ಮಾ. ಹೆಣಮಕ್ಕಳ ಸಾಲು ಇನ್ನೂ ಮುಗದಿಲ್ಲ."

ಮುಗಿದಿಲ್ಲ, ನಿಜ. ಈಗ ಗೌಸಬಿಯ ಸರದಿ. ಗಂಡ ರಹಮಾನಸಾಬನ ಹೆಸರಿಗೆ ಪ್ರಾಸ ಸಿಗದೆ ಆಕೆ ಬೆರಳು ಕಚ್ಚಿ ನಿಂತಿದ್ದಾಳೆ. ಸಾಲೆಲ್ಲ ಒಂದೊಂದು ಪದ ಎಸೆಯುತ್ತಿದೆ. ಮೈಸೂರಿನ ಸಾಹೇಬರೂ ಪೆನ್ನು ಕೆಳಗಿಟ್ಟು, ತುಟಿ ಅಲ್ಲಾಡಿಸುತ್ತ ಹುಡುಕುತ್ತಿದ್ದಾರೆ.