ಮೊಂಡಮೂತಿಯ ಚಾಕು

ಗೂಟಕ್ಕೆ ನೇತುಹಾಕಿದ್ದ ಅಂಗಿಗಳನ್ನೆಲ್ಲ ಇಳಿಸಿ, ಒಂದೊಂದೇ ಕಿಸೆಗೆ ಕೈಹಾಕಿ ಹುಡುಕುತ್ತಿದ್ದಳು ಸರೋಜವ್ವ. ಹಿತ್ತಲಲ್ಲಿ, ರಾತ್ರಿ ಮಲಗಿದಲ್ಲೇ ತೀರಿಹೋಗಿದ್ದ ಅವಳ ಗಂಡ ಉಳವಪ್ಪನ ಹೆಣವನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂಡಿಸಿ, ಬೀಳದ ಹಾಗೆ ಇಬ್ಬರು ಹಿಡಿದುಕೊಂಡಿದ್ದರು.

"ಜಳಕದ ನೀರು ಆರಾಕತ್ತಾವು ಸರೋಜಾ. ಏನ್ ಹುಡುಕಾಕತ್ತೀ?" ನೆರೆಮನೆಯ ಶಿವಬಸವ್ವ ಬಾಗಿಲಲ್ಲಿ ನಿಂತು ಕೇಳಿದಳು.

"ಅವರ ಚಾಕು ಅಕ್ಕಾ. ಉಡದಾರ ಕೊಯ್ಯಾಕ ಬೇಕಲ್ಲ."

"ಯಾವ ಚಾಕು ಆದ್ರೇನು? ಹೆಣಕ್ಕ ಗೊತ್ತಾಕ್ಕೈತೇನು?"

"ನನಗ ಗೊತ್ತಾಕ್ಕೈತಿ," ಎಂದಳು ಸರೋಜವ್ವ.

ಗಂಡಸಿನ ಸೊಂಟದ ಕರಿದಾರವನ್ನು ಸತ್ತ ದಿನ ಮಗನೇ ಕೊಯ್ದು ತೆಗೆಯಬೇಕು, ಗಂಟು ಬಿಚ್ಚುವಂತಿಲ್ಲ. ಆ ಮನೆತನದ ಪದ್ಧತಿ ಅದು. ಉಳವಪ್ಪನ ದಾರವನ್ನು ಉಳವಪ್ಪನ ಚಾಕುವಿನಿಂದಲೇ ಕೊಯ್ಯಬೇಕೆಂಬುದು ಮಾತ್ರ ಸರೋಜವ್ವನ ಹಟ. ಎಲೆತೋಟದಲ್ಲಿ ಬಳ್ಳಿಯ ಕಟ್ಟು ಕೊಯ್ದದ್ದು, ಕರುವಿನ ಹೊಕ್ಕುಳಬಳ್ಳಿ ಕೊಯ್ದದ್ದು, ಮನೆಗೆ ಬಂದವರಿಗೆಲ್ಲ ಪೇರಲಹಣ್ಣು ಹೋಳುಮಾಡಿ ಕೊಟ್ಟದ್ದು ಅದೇ ಚಾಕು. ಹೆಂಡತಿಯನ್ನು ಒಮ್ಮೆ ಹಾನಗಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಮರೆತುಬಂದ ಪುಣ್ಯಾತ್ಮ ಅದನ್ನು ಮಾತ್ರ ಎಲ್ಲಿಯೂ ಮರೆತವನಲ್ಲ. ಈಗ ನೋಡಿದರೆ ಒಂದು ಕಿಸೆಯಲ್ಲೂ ಇಲ್ಲ.

ಆ ಚಾಕು ಸಿಗದಿದ್ದರೆ ಮಗ ಚನ್ನೇಶ ತನ್ನ ಚಾಕು ತೆಗೆಯುತ್ತಾನೆ. ಅವಳಿಗೆ ಭಯವಿದ್ದದ್ದು ಅದರದೇ. ಹೋದ ತಿಂಗಳು ಬಾವಿಯ ಹತ್ತಿರ ನೀರಿನ ಪಾಳಿಗಾಗಿ ಜಗಳವಾಗಿ, ಉಳವಪ್ಪನ ತಮ್ಮ ಮೃತ್ಯುಂಜಯ ಆಳುಗಳ ಎದುರಿಗೇ ಚನ್ನೇಶನ ಕೆನ್ನೆಗೆ ಬಾರಿಸಿದ್ದ. ಮರುವಾರವೇ ಚನ್ನೇಶ ಒಂದು ಬಟನ್ ಚಾಕು ತಂದ. ಒತ್ತಿದರೆ ಸರಕ್ಕನೆ ಹೊರಬರುವ ಅಲಗು, ಸೂಜಿಯಂಥ ತುದಿ. "ಕಾಕಾ ನಮ್ಮ ಹೊಸ್ತಿಲಾ ದಾಟಲಿ, ತೋರಸ್ತೇನಿ," ಎಂದು ಊಟಕ್ಕೆ ಕೂತಾಗಲೆಲ್ಲ ಅನ್ನುತ್ತಿದ್ದ. ಉಳವಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಮಗನ ಮುಖ ನೋಡುತ್ತಿದ್ದ, ಅಷ್ಟೆ.

ಇವತ್ತು ಒಡಹುಟ್ಟಿದ ಅಣ್ಣ ಸತ್ತಿದ್ದಾನೆ. ಮೃತ್ಯುಂಜಯ ಬಾರದೆ ಇರುತ್ತಾನೆಯೇ?

*

ಮದುವೆಯಾದ ಹೊಸತು. ಸಂತೆಗೆಂದು ಕರೆದುಕೊಂಡು ಹೋದ ಉಳವಪ್ಪ ಸರೋಜವ್ವನನ್ನು ಬಳೆಯಂಗಡಿ ದಾಟಿಸಿ, ನೇರವಾಗಿ ನಬೀಸಾಬನ ಮುಂದೆ ಕೂಡಿಸಿದ್ದ. ನಬೀಸಾಬ ಗೋಣಿತಟ್ಟಿನ ಮೇಲೆ ಚಾಕುಗಳನ್ನು ಸಾಲಾಗಿ ಹರಡಿದ್ದ. ಹಿತ್ತಾಳೆ ಹಿಡಿಯವು, ಕೋಡಿನ ಹಿಡಿಯವು, ಮೀನಿನ ಆಕಾರದವು. ಉಳವಪ್ಪ ಒಂದೊಂದನ್ನೂ ಮಡಚಿ ಕಿಸೆಗೆ ಹಾಕಿಕೊಳ್ಳುವನು, ಕುಕ್ಕರಗಾಲಿನಲ್ಲಿ ಕೂರುವನು, ಏಳುವನು, ತೊಡೆಗೆ ಒತ್ತಿತೆಂದು ತೆಗೆದಿಡುವನು. ಹೆಣ್ಣು ನೋಡಲು ಬಂದಾಗ ನನ್ನನ್ನು ಇಷ್ಟು ನೋಡಲಿಲ್ಲವಲ್ಲ ಎಂದು ಸರೋಜವ್ವನಿಗೆ ಉರಿದುಹೋಗಿತ್ತು.

ಕೊನೆಗೆ ಅವನು ಎತ್ತಿಕೊಂಡದ್ದು ಎಲ್ಲಕ್ಕಿಂತ ಸಪ್ಪೆಯದನ್ನು. ಕರಿಕೋಡಿನ ಹಿಡಿ, ಗೇಣಿಗಿಂತ ಗಿಡ್ಡ ಅಲಗು, ತುದಿ ಚೂಪಿಲ್ಲದೆ ಕತ್ತರಿಸಿದಂತೆ ಮೊಂಡ.

"ಇದು ಮುದುಕರು ಒಯ್ಯೂದು," ನಬೀಸಾಬನೇ ನಕ್ಕ. "ಹರೇದಾವ ಅದೀ, ಮೀನಿಂದು ತಗೋಳೋ."

"ಬ್ಯಾಡ ಸಾಬಣ್ಣಾ. ನಮ್ಮಪ್ಪನ ಕಿಸೇದಾಗ ಅಂಥಾದ್ದ ಇತ್ತು. ನೀರಿನ ಪಾಳಿ ಜಗಳದಾಗ ಒಬ್ಬನ ಹೊಟ್ಟಿಗೆ ಹೋತು. ಆ ಮನಶ್ಯಾ ಸತ್ತ, ನಮ್ಮಪ್ಪ ಜೇಲಿಗೆ ಹೋದ, ನಾವಿಬ್ರು ಅಣ್ಣತಮ್ಮ ಕಂಡವರ ಮನ್ಯಾಗ ಬೆಳದ್ವಿ." ಉಳವಪ್ಪ ಅಲಗಿನ ತುದಿಯನ್ನು ತನ್ನ ಅಂಗೈಗೆ ಒತ್ತಿ ತೋರಿಸಿದ. "ಸಿಟ್ಟು ನನಗೂ ಬರ್ತೈತಿ. ಇದು ಹಣ್ಣು ಕೊಯ್ತೈತಿ, ಹಗ್ಗ ಕೊಯ್ತೈತಿ. ಚುಚ್ಚಂಗಿಲ್ಲ. ನನಗ ಇಷ್ಟ ಸಾಕು."

ಸರೋಜವ್ವ ಆಮೇಲೆ ಬಳೆ ಕೇಳಲಿಲ್ಲ. ಅವನೇ ಮರಳಿ ಕರೆದೊಯ್ದು ಎರಡೂ ಕೈತುಂಬ ಇಡಿಸಿದ.

*

"ಹೊತ್ತಾತು, ಮುಗಸ್ರಿ," ಎಂದರು ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು.

ಚನ್ನೇಶ ಕಿಸೆಗೆ ಕೈಹಾಕಿದ. ಸರಕ್ಕನೆ ಅಲಗು ಹೊರಬಂತು.

"ಅದರಿಂದ ಬ್ಯಾಡೋ ತಮ್ಮಾ," ಸರೋಜವ್ವ ಒಳಗಿನಿಂದ ಓಡಿಬಂದಳು.

"ಮತ್ತ ಯಾವುದರಿಂದ ಕೊಯ್ಲಿ, ಹೇಳು?" ಅವನ ಕಣ್ಣುಗಳು ಅತ್ತು ಅತ್ತು ಕೆಂಪಾಗಿದ್ದವು. ದಾರ ನೀರು ಕುಡಿದು ಸೊಂಟಕ್ಕೆ ಬಿಗಿದಿತ್ತು. ಅದರ ಕೆಳಗೆ ಅಲಗು ತೂರಿಸಲು ಹೋದ, ಅದು ಜಾರಿತು. ತುದಿ ಅಪ್ಪನ ಹೊಟ್ಟೆಗೆ ಇಳಿಯಿತು.

ರಕ್ತ ಬರಲಿಲ್ಲ. ಹೊಕ್ಕುಳದ ಪಕ್ಕ ಜೋಳದ ಕಾಳಿನಷ್ಟು ಗಾಯ ಬಾಯಿ ತೆರೆದು ಹಾಗೇ ಉಳಿಯಿತು. "ಅಯ್ಯ ಶಿವನ!" ಎಂದು ಯಾರೋ ಅಂದರು. ಚನ್ನೇಶ ಅದನ್ನೇ ನೋಡುತ್ತ ಕೂತ.

ಅದೇ ಹೊತ್ತಿಗೆ ಹಿತ್ತಲ ಬಾಗಿಲಲ್ಲಿ ಮೃತ್ಯುಂಜಯ ಬಂದು ನಿಂತ. ಮಂದಿ ಅತ್ತಿತ್ತ ಸರಿದರು. ಚನ್ನೇಶ ಎದ್ದ, ಬಿಚ್ಚಿದ ಚಾಕು ಕೈಯಲ್ಲೇ ಇತ್ತು. ಗಂಡನನ್ನಂತೂ ಕಳೆದುಕೊಂಡೆ, ಇನ್ನು ಮಗನನ್ನೂ ಜೈಲಿಗೆ ಕಳಿಸುತ್ತೀಯಾ ಶಿವನೇ ಎಂದು ಸರೋಜವ್ವನ ಜೀವ ಕೂಗಿತು.

ಮೃತ್ಯುಂಜಯನೂ ಕಿಸೆಗೆ ಕೈಹಾಕಿದ. ಹೊರತೆಗೆದು ಅಂಗೈ ಬಿಚ್ಚಿದ. ಕರಿಕೋಡಿನ ಹಿಡಿ, ಮಡಚಿದ ಅಲಗು.

"ನಿನ್ನಿ ಸಂಜೀಕ ಅಣ್ಣ ಬಂದಿದ್ದ ವೈನಿ," ಎಂದ. ಮಾತು ಸರೋಜವ್ವನಿಗೆ, ಮುಖ ಚನ್ನೇಶನ ಕಡೆಗೆ. "ಕಟ್ಟಿ ಮ್ಯಾಲ ಕುಂತ. ಪೇರಲಹಣ್ಣು ಕೊಯ್ದು ನನಗ ಅರ್ಧಾ ಕೊಟ್ಟ. ಬಾವಿ ಮಾತು ಎತ್ತಲಿಲ್ಲ. ಎದ್ದು ಹೋಗುವಾಗ ಇದನ್ನ ಅಲ್ಲೇ ಬಿಟ್ಟಾನ. ಮುಂಜಾನೆ ಕೊಟ್ರಾತು ಅಂತ ಮಕ್ಕೊಂಡೆ..." ಅವನು ಗಳಗಳ ಅತ್ತ. "ನಿನಗ ಹೊಡದದ್ದು ತಪ್ಪಾತೋ ಚನ್ನ್ಯಾ. ಚುಚ್ಚೂದಿದ್ರ ಆಮ್ಯಾಲ ಚುಚ್ಚು. ಮೊದಲ ಇದರಿಂದ ಅಣ್ಣನ ದಾರ ಕೊಯ್ಯಿ."

ಚನ್ನೇಶ ಕಾಕಾನನ್ನು ನೋಡಿದ, ಅಪ್ಪನ ಹೊಟ್ಟೆಯ ಮೇಲಿನ ಗಾಯ ನೋಡಿದ. ಬಟನ್ ಚಾಕು ಅವನ ಕೈಯಿಂದ ಜಳಕದ ಕೆಸರಿಗೆ ಬಿತ್ತು. ಅಪ್ಪನ ಚಾಕು ತೆಗೆದುಕೊಂಡು ಕೂತ. ಮೊಂಡ ತುದಿ ದಾರದ ಕೆಳಗೆ ಚರ್ಮವನ್ನು ಸವರಿಕೊಂಡು ನುಸುಳಿತು. ಒಂದೇ ಎಳೆತಕ್ಕೆ ದಾರ ಹರಿಯಿತು.

ಅಯ್ಯನವರು ಹಣೆಗೆ, ಎದೆಗೆ, ತೋಳಿಗೆ ವಿಭೂತಿ ಎಳೆದರು. ಸರೋಜವ್ವ ಒಂದು ಚಿಟಿಕೆ ಕೇಳಿ ಪಡೆದು, ಆ ಗಾಯದೊಳಗೆ ಹೆಬ್ಬೆರಳಿನಿಂದ ತುಂಬಿದಳು. ಒಂದು ಕಡೆ ಮಗ, ಇನ್ನೊಂದು ಕಡೆ ತಮ್ಮ ಹೆಗಲು ಕೊಟ್ಟು ಉಳವಪ್ಪನನ್ನು ಎತ್ತಿದರು. ಭಜನೆಯ ಸದ್ದು ಓಣಿ ದಾಟಿ ಹೋಯಿತು.

"ಬಾರವ್ವಾ," ಶಿವಬಸವ್ವ ಬಂದು ಅವಳ ರಟ್ಟೆ ಹಿಡಿದಳು. "ಬಳಿ ಒಡೀಬೇಕು."

"ಒಂದೀಟು ತಡಿ ಅಕ್ಕಾ."

ಸರೋಜವ್ವ ಕೆಸರಿನಿಂದ ಬಟನ್ ಚಾಕುವನ್ನು ಎತ್ತಿಕೊಂಡಳು. ಸೆರಗಿನಿಂದ ಒರೆಸಿದಳು. ಅದರ ತುದಿಯನ್ನು ಒಗೆಯುವ ಕಲ್ಲಿನ ಬಿರುಕಿನೊಳಗೆ ತುರುಕಿ, ಮೈಭಾರವನ್ನೆಲ್ಲ ಹಾಕಿ ಬಗ್ಗಿಸಿದಳು. ಠಣ್ಣೆಂದು ತುದಿ ಮುರಿದು ಕಲ್ಲಿನೊಳಗೇ ಉಳಿಯಿತು.

ಉಳಿದ ಚಾಕುವನ್ನು ಪಕ್ಕಕ್ಕಿಟ್ಟು, ಅದೇ ಕಲ್ಲಿನ ಮೇಲೆ ಎರಡೂ ಕೈಗಳನ್ನು ಚಾಚಿದಳು.