ಪೂರ್ಣವಿರಾಮದಲ್ಲಿ ನಿಂತವರು

ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಕಡಲತೀರಕ್ಕೆ ಕರೆದೊಯ್ಯುವ ನೀವು, ಕಾಲಡಿಯ ಮರಳಿನಲ್ಲಿ ಏನಿದೆಯೆಂದು ಒಮ್ಮೆಯಾದರೂ ಬಗ್ಗಿ ನೋಡಿದ್ದೀರಾ?

ಚಾಮರಾಜಪೇಟೆಯ ನಿವೃತ್ತ ಕನ್ನಡ ಪಂಡಿತೆ ಸರ್ವಮಂಗಳಾ ಹನ್ನೊಂದು ಬೇಸಿಗೆ ಬಗ್ಗಿ ನೋಡಿದವರು. ಪ್ರತಿ ಮೇ ತಿಂಗಳು ಬಸ್ಸು ಹಿಡಿದು, ನದಿ ಕಡಲನ್ನು ಸೇರುವ ಅಳಿವೆಗೆ ಹೋಗಿ, ಅಲ್ಲಿನ ಮರಳುದಿಬ್ಬದಲ್ಲಿ ಕವಲುಬಾಲದ ರೀವ ಹಕ್ಕಿಗಳನ್ನೂ ನೀರಂಚಿನಲ್ಲಿ ಹುಳ ಹೆಕ್ಕುವ ಉಲ್ಲಂಕಿ ಹಕ್ಕಿಗಳನ್ನೂ ಗಮನಿಸಿ ಸರ್ಕಾರಿ ಕಚೇರಿಗೆ ವರದಿ ಕಳುಹಿಸುವುದು ಅವರ ವ್ರತ. ಈ ವರ್ಷ, 1998ರಲ್ಲಿ, ಹೋಗಿಬಂದು ವಾರವಾಗಿತ್ತು. ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಾಗ, ಪ್ರತಿವರ್ಷ ಜೊತೆಗೆ ಬರುವ ಗವಿಪುರದ ಹನುಮಂತಯ್ಯ ಅದೇ ಕಚೇರಿಯ ಪ್ರಕಟಣೆಯೊಂದರ ನಕಲು ತಂದರು. ದಿಬ್ಬದ ಮರಳೆತ್ತಲು ಅನುಮತಿ ಕೊಡುವ ಪ್ರಸ್ತಾವ. ಕಾರಣ: "ಅಲ್ಲಿ ಗೂಡಿಲ್ಲವೆಂದು ಶ್ರೀಮತಿ ಸರ್ವಮಂಗಳಾ ಅವರ ವರದಿಯೇ ತಿಳಿಸಿದೆ."

"ಏನ್ ಮೇಡಂ, ಇದು ನೀವೇ ಬರ್ದಿದ್ದಾ?"

"ಹೋದ್ವರ್ಷ ನಾನೇ ಬರ್ದಿದ್ದು. ರೀವ ಎಲ್ರೀ ಗೂಡು ಕಟ್ಟತ್ತೆ? ಬರೀ ಮರಳ ಮೇಲೆ ಮೊಟ್ಟೆ ಇಡತ್ತೆ. 'ಗೂಡಿಲ್ಲ' ಅಂತ ಪೂರ್ಣವಿರಾಮ ಹಾಕಿ, ಮೊಟ್ಟೆ ವಿಷ್ಯ ಮುಂದಿನ ವಾಕ್ಯದಲ್ಲಿ ಬರ್ದೆ."

"ಅವ್ರು ನಿಮ್ಮ ಪೂರ್ಣವಿರಾಮದಲ್ಲೇ ನಿಂತ್ಬಿಟ್ರು ನೋಡಿ. ಮೂವತ್ತು ವರ್ಷ ವಿರಾಮಚಿಹ್ನೆ ಪಾಠ ಮಾಡಿದ್ದಕ್ಕೆ ಒಳ್ಳೇ ಸನ್ಮಾನ!"

ಸರ್ವಮಂಗಳಾ ಅವರಿಗೆ ನಗು ಬರಲಿಲ್ಲ. ಅರ್ಧ ಓದಿ ಪೂರ್ತಿ ತೀರ್ಮಾನಿಸುವುದು ಅಜ್ಞಾನವಲ್ಲ, ಅಪ್ರಾಮಾಣಿಕತೆ. ತರಗತಿಯಲ್ಲಾಗಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಈಗ ಸಿಟ್ಟಿಗೂ ತ್ರಾಣವಿರಲಿಲ್ಲ.

"ಸಾಕಾಗಿದೆ ಹನುಮಂತಯ್ಯ. ಓದದೇ ಇರೋರಿಗೆ ಇನ್ನೆಷ್ಟು ವರ್ಷ ಬರೀಲಿ?"

"ಬರೀಬೇಡಿ ಬಿಡಿ. ಆಕ್ಷೇಪಣೆಗೆ ಹನ್ನೆರಡು ದಿನ ಇದೆ, ರೀವಗಳೇ ಬಂದು ಅರ್ಜಿ ಕೊಡ್ಲಿ!"

ಹೋದ ವಾರ ಕಂಡ ಮೂವತ್ತೆಂಟು ಮೊಟ್ಟೆಗಳು ಅವರ ಕಣ್ಣಮುಂದೆ ಬಂದವು: ಮರಳಿನದೇ ಬಣ್ಣ, ಮರಳಿನದೇ ಚುಕ್ಕಿ. ನೆತ್ತಿ ಸುಡುವ ಬಿಸಿಲಲ್ಲಿ ತಾಯಿಹಕ್ಕಿ ಎದೆಗರಿ ಒದ್ದೆ ಮಾಡಿಕೊಂಡು ಬಂದು ಅವುಗಳ ಮೇಲೆ ಕೂರುತ್ತಿತ್ತು. ಲಾರಿಯ ಚಕ್ರಕ್ಕೆ ಅವು ಕಾಣುವುದಿಲ್ಲ.

"ಪೆನ್ನು ಕೊಡಿ," ಎಂದರು.

ಈ ಸಲ ಎಲ್ಲಿಯೂ ಕತ್ತರಿಸಲಾಗದಂತೆ ಒಂದೇ ವಾಕ್ಯ ಬರೆದರು: "ಮರಳೇ ಮನೆಯಾದ ರೀವಗಳ ಮೂವತ್ತೆಂಟು ಜೀವಂತ ಮೊಟ್ಟೆಗಳಿರುವ ಈ ದಿಬ್ಬವನ್ನು ಮುಟ್ಟಕೂಡದು." ಸಹಿ ಹಾಕಿದರು. ಹನುಮಂತಯ್ಯನವರೂ ಹಾಕಿದರು.

"ಎರಡೇ ಹೆಸ್ರು. ಬುಟ್ಟಿಗೆ ಎಸೀತಾರೆ ಮೇಡಂ."

ನಿಜ. ಅದಕ್ಕೇ ಆ ಹಾಳೆ ಈಗ ಚಾಮರಾಜಪೇಟೆ ಮೂರನೆಯ ಮುಖ್ಯರಸ್ತೆಯ ಝೆರಾಕ್ಸ್ ಅಂಗಡಿಯ ಮೇಜಿನ ಮೇಲಿದೆ. ಸಹಿಗಳ ಕೆಳಗೆ ಮುಕ್ಕಾಲು ಪುಟ ಖಾಲಿಯಿದೆ. ದಯವಿಟ್ಟು ಈ ಶನಿವಾರದೊಳಗೆ ಬಂದು, ಪೂರ್ತಿ ಓದಿ, ನಿಮ್ಮ ಹೆಸರು ಬರೆಯಿರಿ.